ಶಶಿರೇಖಾ ಒಪ್ಪದ ಜಾಗಗಳು

೧

ಶಶಿರೇಖಾ ನೆನೆಸಿದ ಅವರೆಕಾಳನ್ನು ಹಿಸುಕುತ್ತ ಅರ್ಧ ಬಟ್ಟಲು ಮುಗಿಸಿದ್ದಾಳೆ. ಹೆಬ್ಬೆರಳು ತೋರುಬೆರಳ ನಡುವೆ ಕಾಳನ್ನಿಟ್ಟು ಒತ್ತಿದರೆ ಬೇಳೆ ಚಿಮ್ಮಿ ಬಟ್ಟಲಿಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಕಥೆಯನ್ನು ಇಲ್ಲಿಂದ ಶುರು ಮಾಡಬಹುದೇ? ಗುಂಡ್ಲುಪೇಟೆಯ ಒಂದು ಅಡುಗೆಮನೆ, ಐವತ್ತು ದಾಟಿದ ಹೆಂಗಸು, ಅವರೆಕಾಳು. ಇಂಥವನ್ನು ನೀವು ಬೇಕಾದಷ್ಟು ಓದಿದ್ದೀರಿ. ಇನ್ನೇನು ಒಗ್ಗರಣೆಯ ಸದ್ದು ಬರುತ್ತದೆ, ಅದರ ಬೆನ್ನಿಗೇ ಅವಳ ಒಳಗಿನ ನೋವೂ ಬರುತ್ತದೆ ಎಂದು ನಿಮಗೆ ಆಗಲೇ ಗೊತ್ತು.

ಹಾಗಾದರೆ ಫ್ರಾನ್ಸಿನಿಂದ ಶುರು ಮಾಡುತ್ತೇನೆ.

'ಉತ್ತರ ಫ್ರಾನ್ಸಿನ ಆ ಪುಟ್ಟ ಹಳ್ಳಿಯ ಮೇಲೆ ಮಂಜು ಕವಿದಿತ್ತು. ಎಂಟುನೂರು ವರ್ಷಗಳಷ್ಟು ಹಳೆಯದಾದ ಚರ್ಚಿನ ಗೋಪುರ ಮಂಜಿನೊಳಗಿಂದ ನಿಧಾನವಾಗಿ...'

(ನಾನು ಫ್ರಾನ್ಸಿಗೆ ಹೋಗಿಲ್ಲ. ಚಾಮರಾಜನಗರದ ನನ್ನ ಮನೆಯಲ್ಲಿ ಕೂತು, ಕಂಪ್ಯೂಟರಿನ ಮ್ಯಾಪಿನೊಳಗೆ ಇಳಿದು, ಅಲ್ಲಿನ ಹಳ್ಳಿಗಳ ಬೀದಿ ಬೀದಿ ಸುತ್ತಿದ್ದೇನೆ. ಆ ಮ್ಯಾಪಿನಲ್ಲಿ ಮನುಷ್ಯರ ಮುಖಗಳನ್ನೆಲ್ಲ ಮಸುಕು ಮಾಡಿರುತ್ತಾರೆ. ನನ್ನ ಮೊದಲ ಡ್ರಾಫ್ಟಿನಲ್ಲೂ ಮುಖಗಳು ಹಾಗೇ ಇದ್ದವು.)

"ಮಂಜು ಎಲ್ಲಿತ್ತು ಮೇಡಂ?" ಎಂದಳು ಶಶಿರೇಖಾ, ತಲೆ ಎತ್ತದೆ. "ಬಿಸ್ಲು ಸುಡ್ತಿತ್ತು. ಇವ್ರು ತಲೆ ಮ್ಯಾಲೆ ಟವಲ್ ಹಾಕ್ಕಂಡಿದ್ರು."

ಮಂಜನ್ನು ಹೊಡೆದುಹಾಕಿದೆ.

೨

'ಇವ್ರು' ಎಂದರೆ ಅವಳ ಗಂಡ ಶಿವಶಂಕರ. ಗುಂಡ್ಲುಪೇಟೆಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟವನು. ಸುತ್ತ ಬೀಟ್‌ರೂಟ್ ಬೆಳೆಯುವ ಊರುಗಳಿಗೆಲ್ಲ ಅವನದೇ ಬೀಜ. ಕಳೆದ ಬೇಸಿಗೆ ಮುಗಿಯುತ್ತಿದ್ದಂತೆ, ಬೀಜದ ಕಂಪನಿಯೊಂದು ಟಾರ್ಗೆಟ್ ಮುಟ್ಟಿದ ಡೀಲರುಗಳನ್ನು ಹೆಂಡತಿಯರ ಸಮೇತ ಫಾರಿನ್ ಟೂರಿಗೆ ಕರೆದೊಯ್ದಿತು. ಪ್ಯಾರಿಸ್ಸಿನ ಕಬ್ಬಿಣದ ಗೋಪುರ ಆಯಿತು. ಆಮೇಲೆ ಬಸ್ಸು ಉತ್ತರಕ್ಕೆ ತಿರುಗಿತು. ಬೀಜ ಬೆಳೆಸುವ ಹೊಲ ತೋರಿಸುವುದು, ನಡುನಡುವೆ ಹಳೇ ಕಾಲದ ಮಠ, ಚರ್ಚು, ಪಾಳುಕೋಟೆಗಳ ಮುಂದೆ ನಿಲ್ಲಿಸುವುದು. ಕಣ್ಣು ಹಾಯುವಷ್ಟು ದೂರವೂ ಸಕ್ಕರೆ ಮಾಡುವ ಬೀಟ್‌ರೂಟು. ಡೀಲರುಗಳು ಇಳಿದು, ಎಲೆ ಮುರಿದು ನೋಡಿ, "ನಮ್ ಹರವೆ ಕಡೆ ಇದ್ಕಿಂತ ಚೆಂದಾಗಿ ಬತ್ತದೆ ಬುಡು" ಎಂದು ತೀರ್ಪು ಕೊಟ್ಟು ಮತ್ತೆ ಬಸ್ಸು ಹತ್ತುತ್ತಿದ್ದರು. ಚರ್ಚುಗಳಲ್ಲಿ ಅವರಿಗೆ ಹಿಡಿಸಿದ್ದು ತಂಪು ಮಾತ್ರ.

(ಇಲ್ಲಿ ಎರಡು ಪುಟ ತಮಾಷೆ ಬರೆದಿದ್ದೆ. ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಚರ್ಚಿನೊಳಗೆ ಹೋದದ್ದು, ಬಾಗಿಲಲ್ಲಿ ಸಾಲಾಗಿ ನಿಂತ ಚಪ್ಪಲಿಗಳನ್ನು ಕಂಡು ಊರಿನ ಮುದುಕಿಯೊಬ್ಬಳು ಗಾಬರಿಯಾದದ್ದು. ಚೆನ್ನಾಗಿಯೇ ಇತ್ತು. ತೆಗೆದುಬಿಟ್ಟೆ. ಮುಂದೆ ಎಲ್ಲಿಗೆ ಹೋಗಿ ನಿಲ್ಲುತ್ತೇವೆಂದು ನನಗೆ ಗೊತ್ತಿದ್ದೂ ನಿಮ್ಮನ್ನು ನಗಿಸುತ್ತ ಕರೆದೊಯ್ಯುವುದು ಮೋಸ.)

೩

ಬಸ್ಸಿನ ಗೈಡ್ ಮೀನಾ ಪಾಂಡಿಚೇರಿಯವಳು, ಮದುವೆಯಾಗಿ ಫ್ರಾನ್ಸಿನಲ್ಲೇ ನೆಲೆಸಿದವಳು. ಎಲ್ಲರಿಗೂ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದ ಮೇಲೆ, ಶಶಿರೇಖಾಳೊಬ್ಬಳಿಗೆ ತಮಿಳಿನಲ್ಲಿ ಇನ್ನೊಂದಿಷ್ಟು ಹೇಳುತ್ತಿದ್ದಳು. ಶಶಿರೇಖಾಳ ತವರು ತಮಿಳುನಾಡಿನ ಗಡಿಗೆ ಅಂಟಿದ ಊರು. ತಮಿಳು ಅವಳಿಗೆ ಚಿಕ್ಕಂದಿನಿಂದ ಕಿವಿಗೆ ಬಿದ್ದದ್ದು.

ಆ ದಿನದ ಕೊನೆಯ ಚರ್ಚು ತೀರ ಚಿಕ್ಕದು, ಗೋಪುರ ಅರ್ಧ ಮುರಿದದ್ದು. ಗಂಡಸರು ಬಸ್ಸಿನ ನೆರಳಿನಲ್ಲೇ ಉಳಿದರು. ಮೀನಾ ಶಶಿರೇಖಾಳನ್ನು ಹಿಂಬದಿಯ ಗೋಡೆಗೆ ಕರೆದೊಯ್ದು, ಸೂರಿನ ಕೆಳಗಿನ ಹುಲ್ಲುಪಟ್ಟಿಯನ್ನು ತೋರಿಸಿದಳು.

ಹಿಂದೆ, ಪಾದ್ರಿ ಹಾಕುವ ದೀಕ್ಷೆಯ ನೀರು ತಲೆಗೆ ಬೀಳುವ ಮೊದಲೇ ಸತ್ತ ಮಗುವಿಗೆ ಊರಿನ ಸ್ಮಶಾನದಲ್ಲಿ ಜಾಗವಿರಲಿಲ್ಲ. ಉಸಿರಿಲ್ಲದೆ ಹುಟ್ಟಿದ ಮಕ್ಕಳನ್ನು ಹೊತ್ತುಕೊಂಡು ಜನ ಇಂಥ ಚರ್ಚುಗಳಿಗೆ ಬರುತ್ತಿದ್ದರು. ಮೇರಿತಾಯಿಯ ಮುಂದೆ ಮಗುವನ್ನು ಮಲಗಿಸಿ, ಸುತ್ತ ಮೇಣದಬತ್ತಿ ಹಚ್ಚಿ, ತುಟಿಯ ಮೇಲೊಂದು ಹಕ್ಕಿಯ ಪುಕ್ಕ ಇಟ್ಟು ಕಾಯುವುದು. ಪುಕ್ಕ ಅಲುಗಿದರೆ ಮಗು ಉಸಿರಾಡಿತು ಎಂದು ಅರ್ಥ. ಪಾದ್ರಿ ತಕ್ಷಣ ನೀರು ಹಾಕಿ ಹೆಸರಿಡುತ್ತಿದ್ದ. ಮಗು ಎರಡನೆಯ ಸಲ ಸಾಯುತ್ತಿತ್ತು. ಆಮೇಲೆ ಇಲ್ಲಿ, ಈ ಗೋಡೆಯ ಬುಡದಲ್ಲಿ, ಮಣ್ಣು ಮಾಡುತ್ತಿದ್ದರು. ಚರ್ಚಿನ ಮಾಡಿನ ಮೇಲೆ ಹರಿದ ಮಳೆ ತೀರ್ಥವಾಗಿ ಮಕ್ಕಳ ಮೇಲೆ ತೊಟ್ಟಿಕ್ಕಲಿ ಎಂದು.

"ಪುಕ್ಕ ಅಲುಗುವುದು ಬತ್ತಿಯ ಶಾಖಕ್ಕೆ ಅಲ್ಲವೇ?" ಎಂದು ಶಶಿರೇಖಾ ತನ್ನ ಅರೆಬರೆ ತಮಿಳಿನಲ್ಲಿ ಕೇಳಿದಳು.

"ಅದು ಎಲ್ಲರಿಗೂ ಗೊತ್ತಿತ್ತು ಅಕ್ಕಾ," ಎಂದಳು ಮೀನಾ.

ನಮ್ಮಲ್ಲಿ ಇಷ್ಟು ಒದ್ದಾಟವಿಲ್ಲ ಎಂದು ಶಶಿರೇಖಾಳಿಗೆ ಮೊದಲು ಅನ್ನಿಸಿತು. ಬಸುರಿಗೆ ಎಂಟು ತಿಂಗಳಾದಾಗಲೇ ಅಯ್ಯನವರು ಮನೆಗೆ ಬಂದು ಹೊಟ್ಟೆಯೊಳಗಿನ ಮಗುವಿಗೂ ಲಿಂಗ ಕಟ್ಟುತ್ತಾರೆ. ಅವಳಿಗೂ ಕಟ್ಟಿದ್ದರು. ಹೆಣ್ಣುಮಗು ಉಸಿರಿಲ್ಲದೆ ಹುಟ್ಟಿದಾಗ ಮಾವ ಪುಟ್ಟಬಸಪ್ಪನವರು ಆ ಲಿಂಗವನ್ನು ಬಿಚ್ಚಿಸಿಕೊಂಡು, ಮಗುವಿನ ಅಂಗೈಗೆ ಇಟ್ಟು, ಬಿಳಿ ಬಟ್ಟೆಯಲ್ಲಿ ಸುತ್ತಿ, ಭೀಮನಬೀಡು ಎಂಬ ಊರಿನಲ್ಲಿದ್ದ ತಮ್ಮ ಹೊಲಕ್ಕೆ ತೆಗೆದುಕೊಂಡು ಹೋದರು. ಹೊಲದಲ್ಲಿ ಎಲ್ಲಿ ಎಂದು ಹೇಳಲಿಲ್ಲ. ತಾಯಿಗೆ ಜಾಗ ತೋರಿಸಬಾರದು, ತೋರಿಸಿದರೆ ಮನಸ್ಸು ಅಲ್ಲೇ ನಿಂತುಬಿಡುತ್ತದೆ, ಮಡಿಲು ಮತ್ತೆ ತುಂಬುವುದಿಲ್ಲ ಎಂಬುದು ಆ ಮನೆಯ ನಡವಳಿಕೆ.

ಜಾಗ ತೋರಿಸಲಿಲ್ಲ. ಮಡಿಲೂ ತುಂಬಲಿಲ್ಲ.

ಗೋಡೆಯ ಬುಡದ ಹುಲ್ಲನ್ನು ಅವಳು ತುಂಬ ಹೊತ್ತು ನೋಡಿದಳು. ಈ ಮಕ್ಕಳಿಗೆ ಧರ್ಮ ಸಿಗುವುದು ಕಷ್ಟವಾಗಿತ್ತು, ಆದರೂ ಅವರ ತಾಯಂದಿರು ಮಳೆ ಬಂದಾಗ ಇಲ್ಲಿಗೆ ಬಂದು ನಿಲ್ಲಬಹುದಿತ್ತು.

೪

"ರೀ, ನಮ್ ಕೂಸ್ನ ಎಲ್ಲಿ ಇಟ್ರು?"

ಬಸ್ಸು ಹೊರಟಿತ್ತು. ಶಿವಶಂಕರ ಫೋನಿನಲ್ಲಿ ತಾನು ತೆಗೆದ ಬೀಟ್‌ರೂಟಿನ ಫೋಟೋಗಳನ್ನು ನೋಡುತ್ತಿದ್ದ. "ಯಾವ ಕೂಸು?" ಎಂದ. ಎಂದ ಮೇಲೆ ಅವನಿಗೇ ಗೊತ್ತಾಯಿತು. ಫೋನನ್ನು ತೊಡೆಯ ಮೇಲೆ ಕವುಚಿಟ್ಟ.

"ನಂಗೆಲ್ ಗೊತ್ತು ಕಣೇ. ನಾನು ಆಸ್ಪತ್ರೇಲಿ ನಿನ್ ತಾವು ಇದ್ದೆ. ಅಪ್ಪ, ಚಿಕ್ಕಮಲ್ಲಪ್ಪ ಇಬ್ರೇ ಓಗಿದ್ದು."

ಚಿಕ್ಕಮಲ್ಲಪ್ಪ ಎಂದರೆ ಹೊಲ ನೋಡಿಕೊಳ್ಳುತ್ತಿದ್ದ ಆಳು.

"ಆಮೇಲಾದ್ರೂ ಕೇಳ್ಲಿಲ್ವ?"

"ಕೇಳ್ಬ್ಯಾಡ ಅಂದ್ಬುಟ್ರು ಅಪ್ಪ."

"ಅಂದ್ರು ಅಂತ ಇದ್ಬುಟ್ರಾ. ಯಾರ್ ಹೊಲಕ್ಕೆ ಯಾವತ್ತು ಯಾವ ಬೀಜ ಬಿತ್ತುದ್ರು ಅಂತ ಊರೋರ್ದೆಲ್ಲ ನೆಪ್ಪಿರ್ತದೆ ನಿಮ್ಗೆ."

ಮುಂದಿನ ಸೀಟಿನ ಕೋಲಾರದ ಡೀಲರು ತಿರುಗಿ ಚಕ್ಕುಲಿಯ ಡಬ್ಬಿ ಚಾಚಿದ. ಇಬ್ಬರೂ ಒಂದೊಂದು ತೆಗೆದುಕೊಂಡರು. ತಿಂದರು ಕೂಡ.

ಇಷ್ಟು ವರ್ಷ ಅವಳು ತಿಳಿದುಕೊಂಡಿದ್ದು, ಅವನಿಗೆ ಗೊತ್ತಿದೆ, ಹೇಳುತ್ತಿಲ್ಲ ಎಂದು. ಆ ಸಿಟ್ಟಿಗೆ ಬೆನ್ನು ಆನಿಸಿಕೊಂಡೇ ಅವಳು ಸಂಸಾರ ಮಾಡಿದ್ದಳು. ಯಾವತ್ತೋ ಒಂದು ದಿನ, ಇಬ್ಬರಲ್ಲಿ ಯಾರಾದರೂ ಕಾಯಿಲೆ ಬಿದ್ದಾಗಲಾದರೂ ಹೇಳುತ್ತಾನೆ ಎಂದುಕೊಂಡಿದ್ದಳು. ಅವನಲ್ಲಿ ಹೇಳುವುದಕ್ಕೆ ಏನೂ ಇರಲಿಲ್ಲ. ಮಾವ ಸತ್ತು ಎಷ್ಟೋ ಕಾಲವಾಗಿತ್ತು.

೫

ಈಗ ನಾನು ಕೆಲವು ಅಂತ್ಯಗಳನ್ನು ಬರೆದಿಟ್ಟುಕೊಂಡಿದ್ದೇನೆ. ಒಂದೊಂದಾಗಿ ಶಶಿರೇಖಾಳ ಮುಂದಿಟ್ಟೆ. ಬಟ್ಟಲು ಇನ್ನೂ ತುಂಬಿರಲಿಲ್ಲ.

ಅಂತ್ಯ ಅ: ಬದುವಿನ ಮೇಲಿನ ಹೊಂಗೆ ಮರದ ಕೆಳಗೆ ಒಂದು ಗುಂಡುಕಲ್ಲು ಸಿಗುತ್ತದೆ. ಮಾವ ಗುರುತಿಗೆಂದು ಇಟ್ಟದ್ದು. ಅವಳು ಕಲ್ಲನ್ನು ತಬ್ಬಿಕೊಳ್ಳುತ್ತಾಳೆ. ಹೊಂಗೆಯ ಹೂ ಉದುರುತ್ತದೆ.

"ಆ ಹೊಲ್ದಲ್ಲಿ ಹೊಂಗೆ ಮರ ಎಲ್ಲದೆ ಮೇಡಂ?"

"ನಾನು ನೆಟ್ಟೆ. ಬರೆದರೆ ಆಯಿತು, ಮರ ಇರುತ್ತದೆ."

"ನೀವು ಬರ್ದ ಜಾಗ ನಂಗೆ ಬ್ಯಾಡ."

"ನಿನ್ನನ್ನೂ ನಾನೇ ಬರೆದದ್ದು ಶಶಿರೇಖಾ. ಮಗುವನ್ನೂ."

ಅವಳು ಕೈ ನಿಲ್ಲಿಸಿ ಮೊದಲ ಸಲ ನನ್ನನ್ನು ನೋಡಿದಳು. "ಹಂಗಾದ್ರೆ ಸಾಯ್ಸಿದ್ದೂ ನೀವೇಯ. ಸಾಯ್ಸ್ವಾಗ್ಲೇ ಒಂದು ಜಾಗ ನೋಡಿಟ್ಕಬೇಕಾಗಿತ್ತು."

(ಕಥೆಗೆ ಒಂದು ದುಃಖ ಬೇಕಿತ್ತು, ಮಗುವಿನ ಉಸಿರು ತೆಗೆದೆ. ಮಣ್ಣು ಮಾಡುವ ವಿಚಾರ ಹೊಳೆದಿರಲಿಲ್ಲ.)

ಅಂತ್ಯ ಆ: ಫ್ರಾನ್ಸಿನ ಆ ಸೂರಿನ ಕೆಳಗಿನ ಒಂದು ಹಿಡಿ ಮಣ್ಣನ್ನು ಅವಳು ಸೆರಗಿನಲ್ಲಿ ಕಟ್ಟಿ ತಂದಿರುತ್ತಾಳೆ. ಅದನ್ನು ಭೀಮನಬೀಡಿನ ಹೊಲಕ್ಕೆ ಚೆಲ್ಲುತ್ತಾಳೆ.

"ಅವ್ರ ಮಕ್ಕಳ ಮಣ್ಣು ಅವ್ರಿಗೇ ಇರ್ಲಿ ಕಣಿ ಮೇಡಂ. ಚೆಂದ ಕಾಣ್ತದೆ ಅಂತ ಏನ್ ಬೇಕಾದ್ರೂ ಮಾಡಿಸ್ಬುಡ್ತೀರ."

ಅಂತ್ಯ ಇ: ದಿನ ಕಳೆದಂತೆ ಅವಳು ಮರೆಯುತ್ತಾಳೆ.

ಇದನ್ನು ಅವಳಿಗೆ ಓದಿ ಹೇಳಲಿಲ್ಲ.

೭

(ಆರನೆಯ ಭಾಗದಲ್ಲಿ ಅವಳಿಗೊಂದು ಕನಸು ಬೀಳಿಸಿದ್ದೆ. ಬರೆದು ಮುಗಿಸುವಾಗಲೇ ನಾಚಿಕೆಯಾಯಿತು.)

ಟೂರಿನಿಂದ ಬಂದ ಮೇಲೆ ಶಿವಶಂಕರ ಮಂಕಾಗಿದ್ದ. ಸೌತೆ ಬೀಜ ಕೇಳಿದವರಿಗೆ ಟೊಮೆಟೊ ಬೀಜ ಕೊಟ್ಟು ಬೈಸಿಕೊಳ್ಳುತ್ತಿದ್ದ. ಈ ಭಾನುವಾರ, ಅವಳು ಹಿಸುಕಿದ ಬೇಳೆಯನ್ನು ತೊಳೆಯುತ್ತಿದ್ದಾಗ, ಬಾಗಿಲಲ್ಲಿ ಬಂದು ನಿಂತ. "ನಡಿಯೇ, ಚಿಕ್ಕಮಲ್ಲಪ್ಪನ್ನೇ ಕೇಳ್ಬುಡನ," ಎಂದ. ಅಷ್ಟು ದಿನ ಯಾಕೆ ತಡೆದನೋ. ಅವಳೂ ಯಾಕೆ ಹೊರಡಲಿಲ್ಲವೋ. ಕೇಳಿದರೆ ಅಲ್ಲಿಗೆ ಮುಗಿಯುತ್ತದೆ ಎಂಬ ಭಯ ಇಬ್ಬರಿಗೂ ಇತ್ತೆಂದು ಕಾಣುತ್ತದೆ.

ಕಾರಿನಲ್ಲಿ ಭೀಮನಬೀಡಿಗೆ ಹೋದರು. ಚಿಕ್ಕಮಲ್ಲಪ್ಪನಿಗೆ ಈಗ ತುಂಬ ವಯಸ್ಸಾಗಿದೆ, ಒಂದು ಕಣ್ಣಿಗೆ ಪೊರೆ. ಜಗಲಿಯ ಮೇಲಿಂದ ಇಳಿದು ಬಂದು ಶಶಿರೇಖಾಳ ಎರಡು ಕೈಗಳನ್ನೂ ಹಿಡಿದುಕೊಂಡ. "ಎಸ್ಟ್ ಕಾಲಾಯ್ತು ಅಮ್ಮೋರೆ. ಸಾಯೋದ್ರೊಳ್ಗೆ ಒಂದ್ಸಲ ನೋಡಿದ್ನಲ್ಲ."

ಕೇಳಿದ್ದು ಶಿವಶಂಕರ. ಮುದುಕ ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. ಆಮೇಲೆ, "ನೆಪ್ಪಿಲ್ದೆ ಏನು, ಬನ್ನಿ," ಎಂದು ಕೋಲು ತೆಗೆದುಕೊಂಡ.

ಹೊಲವನ್ನು ಜೇಸಿಬಿ ಹಾಕಿಸಿ ಮಟ್ಟ ಮಾಡಿಸಿ ಎಷ್ಟೋ ವರ್ಷವಾಗಿದೆ. ಹಳೆಯ ಬದುಗಳಿಲ್ಲ. ಉದ್ದಕ್ಕೂ ಕರಿ ಡ್ರಿಪ್ ಪೈಪು, ಬೀಟ್‌ರೂಟಿನ ಸಾಲು. ಚಿಕ್ಕಮಲ್ಲಪ್ಪ ನಡೆದ, ನಿಂತ, ಮತ್ತೆ ನಡೆದ. ನೆಲ ನೋಡಿದ್ದಕ್ಕಿಂತ ಹೆಚ್ಚಾಗಿ ಅವನು ಶಿವಶಂಕರನ ಮುಖ ನೋಡುತ್ತಿದ್ದ. ಕೊನೆಗೆ ಕೋಲು ಊರಿದ.

"ಇಲ್ಲೇಯ ಅಣ್ಣೋರೆ. ನಿಮ್ಮಪ್ಪಾರು, ನಾನು, ಇಬ್ರೂವೆ. ಕೂಸ್ನ ಮಲಗಿಸ್ದಂಗೇ ಮಲಗಿಸ್ದೊ."

ಶಶಿರೇಖಾ ತಲೆ ಎತ್ತಿ ನೋಡಿದಳು. ಬೇಲಿಯಾಚೆಯ ದೊಡ್ಡ ಬಂಡೆ, ಅದರ ನೇರಕ್ಕೆ ದೂರದಲ್ಲಿ ಗೋಪಾಲಸ್ವಾಮಿ ಬೆಟ್ಟ. ಎರಡೂ ಒಂದೇ ಗೆರೆಗೆ ಬರುವ ಈ ಜಾಗ ಆಗ ಒಕ್ಕಣೆಯ ಕಣವಾಗಿತ್ತು. ಈಗ ಕಣ ಮಾಡುವವರಿಲ್ಲ. ಹುರುಳಿ ಬಳ್ಳಿಯನ್ನು ತಂದು ಟಾರು ರಸ್ತೆಗೆ ಹರವಿದರೆ ಬಸ್ಸು ಲಾರಿಗಳೇ ತುಳಿದು ಕೊಡುತ್ತವೆ. ಆಗ ಇತ್ತು. ಮಗು ಹೋದ ಆ ಸುಗ್ಗಿಯಲ್ಲಿ, ಮೈಯಿನ್ನೂ ಹಸಿಯಿದ್ದಾಗಲೇ, ಅವಳು ಸಗಣಿ ಕದಡಿಕೊಂಡು ಬಂದು ಈ ನೆಲವನ್ನು ಮೂಲೆಯಿಂದ ಮೂಲೆಗೆ ಅಂಗೈಯಲ್ಲಿ ಸಾರಿಸಿದ್ದಳು. ನೆಲ ಕಲ್ಲಿನ ಹಾಗಿತ್ತು. ಗುದ್ದಲಿ ಬಿದ್ದ ಗುರುತು ಎಲ್ಲೂ ಇರಲಿಲ್ಲ. ರಾಶಿಪೂಜೆ ಮಾಡುವ ಕಣದಲ್ಲಿ ಮಾವ ಮಗುವನ್ನು ಮಣ್ಣು ಮಾಡುವುದೂ ಇಲ್ಲ. ಈ ಗಂಡಸರಿಬ್ಬರಿಗೂ ಕಣ ಎಲ್ಲಿತ್ತೆಂಬುದೇ ಮರೆತಿದೆ. ಅದನ್ನು ಸಾರಿಸುತ್ತಿದ್ದವರು ಹೆಂಗಸರು.

ಶಿವಶಂಕರ ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಮಣ್ಣನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಅವನ ಭುಜ ಅಲುಗುತ್ತಿತ್ತು. ಅವನು ಅತ್ತದ್ದನ್ನು ಅವಳು ಇದುವರೆಗೆ ನೋಡಿರಲಿಲ್ಲ.

"ಇಲ್ಲೊಂದು ಚಿಕ್ಕ ಗದ್ದುಗೆ ಕಟ್ಟುಸ್ತೀನಿ ಕಣೇ. ಈ ಎರಡ್ ಸಾಲು ಕಿತ್ತಾಕ್ಸಿ. ಸ್ವಾಮಾರ ಸ್ವಾಮಾರ ಬಂದು ಒಂದು ಪತ್ರೆ ಮಡಗಿ ಹೋಗನ. ಏನಂತೀಯ?"

(ಹೇಳು, ಎಂದೆ ನಾನು. ಇದು ಕಣ, ಇಲ್ಲಲ್ಲ ಎಂದು ಹೇಳು. ಮುದುಕ ತಬ್ಬಿಬ್ಬಾಗುತ್ತಾನೆ, ಗಂಡ ಸಿಡಿಯುತ್ತಾನೆ, ಕಥೆಗೆ ಒಂದು ದೊಡ್ಡ ದೃಶ್ಯ ಸಿಗುತ್ತದೆ. ಅವಳು ನನ್ನ ಕಡೆ ತಿರುಗಲಿಲ್ಲ.)

ಚಿಕ್ಕಮಲ್ಲಪ್ಪ ಬಗ್ಗಿ ಬೀಟ್‌ರೂಟಿನ ಎಲೆಯೊಂದನ್ನು ಸವರುತ್ತಿದ್ದ.

"ಕಟ್ಸಿ," ಎಂದಳು ಶಶಿರೇಖಾ.

ಆ ಮಾತಿಗೆ ಮುಂಚೆ ಅವಳು ಏನನ್ನೋ ತೀರ್ಮಾನಿಸಿದಳು. ನನಗೂ ಹೇಳಲಿಲ್ಲ, ಹಾಗಾಗಿ ಇದು ನನ್ನ ಊಹೆ. ಅವರು ಕಟ್ಟಲಿ. ಕರೆದಾಗ ಬಂದು ನಿಲ್ಲುತ್ತೇನೆ, ಕೈಯನ್ನೂ ಮುಗಿಯುತ್ತೇನೆ. ಇದು ಆ ಜಾಗವಲ್ಲ ಎಂಬುದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ. ಮಗುವಿನ ಬಗ್ಗೆ ಅವಳಿಗೆ ಖಚಿತವಾಗಿ ಗೊತ್ತಿರುವುದು ಈಗ ಅದೊಂದೇ: ಇಲ್ಲಿ ಇಲ್ಲ. ಅದನ್ನೂ ಹಂಚಿಕೊಂಡರೆ ಅವಳ ಪಾಲಿಗೆ ಏನೂ ಉಳಿಯುವುದಿಲ್ಲ.

ಕಥೆ ಮುಗಿಯುವುದು ಎಲ್ಲಿ ಎಂದು ನೀವು ಕೇಳಿದರೆ, ನಾನೂ ನಿಮ್ಮ ಮುಖ ನೋಡಿಕೊಂಡು, ಇಲ್ಲೇ ಎಂದು ಕೋಲು ಊರಬಲ್ಲೆ. ಊರುವುದಿಲ್ಲ. ಶಿವಶಂಕರ ಹೆಜ್ಜೆಯಲ್ಲಿ ಗದ್ದುಗೆಯ ಅಳತೆ ಹಾಕುತ್ತಿದ್ದಾನೆ. ಶಶಿರೇಖಾ ಕಾರಿನ ಕಡೆ ಹೊರಟಿದ್ದಾಳೆ, ಇಡೀ ಹೊಲವನ್ನು ದಾಟಿಕೊಂಡು, ಪಾದ ಊರುವ ಮೊದಲು ಒಂದೊಂದು ಸಲವೂ ನೆಲವನ್ನು ನೋಡುತ್ತ