ಜಗಲಿಯ ಗೂಡು

"ಈ ಬಿಸ್ಲಾಗೆ ನಾಯಿನೂ ಈಚೆಗ್ ಬರಲ್ಲ, ನೀನೆಂಗ್ ಬಂದ್ಯೇ ಮಣೀ!" ಎಂದು ಸರ್ವಮಂಗಳಾ ಹುಣಸೆಹಣ್ಣಿನ ಮೊರ ಪಕ್ಕಕ್ಕೆ ತಳ್ಳಿ ಎದ್ದಳು. ಎದ್ದವಳು ರಾಧಾಮಣಿಯ ಎರಡೂ ಕೈ ಹಿಡಿದು ಅಳುವುದಕ್ಕೇ ಶುರುಮಾಡಿದಳು.

ರಾಧಾಮಣಿಯೂ ಅವಳ ಕೈ ಬಿಗಿಯಾಗಿ ಹಿಡಿದುಕೊಂಡಳು. ತಂದ ನೀರು ಪಾವಗಡದಲ್ಲೇ ಮುಗಿದಿತ್ತು. ಬಸ್ಸಿಳಿದು ಉರಿಯುವ ರಸ್ತೆಯಲ್ಲಿ ನಡೆದು ಬರುವಷ್ಟರಲ್ಲಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು.

ಕಾರವಾರದ ಆಸ್ಪತ್ರೆಯಲ್ಲಿ ನರ್ಸಾಗಿಯೇ ಅವಳ ತಲೆ ಬೆಳ್ಳಗಾಗಿತ್ತು. ಈ ತಿಂಗಳ ಕೊನೆಗೆ ನಿವೃತ್ತಿ, ಕ್ವಾರ್ಟರ್ಸು ಬಿಡಬೇಕು. ಗಂಡ ತೀರಿಕೊಂಡಿದ್ದ, ಮಕ್ಕಳಿಲ್ಲ. ಎಲ್ಲಿಗೆ ಹೋಗುವುದೆಂದು ಯೋಚಿಸಿದಾಗಲೆಲ್ಲ ಕಣ್ಣಿಗೆ ಕಟ್ಟುತ್ತಿದ್ದುದು ಬಲಸಮುದ್ರದ ಪಕ್ಕದ ಈ ಊರು. ಊರೆಂದರೆ ಈಗ ಸರ್ವಮಂಗಳಾ ಒಬ್ಬಳೇ. ದೊಡ್ಡಕ್ಕನೆಂಬ ಹೆಸರಿನ ಅವಳವ್ವ ಸತ್ತ ಮೇಲೆ ಊರಾಚೆಯ ಕಾಲೊನಿಯ ಮನೆ ಬಿದ್ದು ಅಲ್ಲಿ ಜಾಲಿ ಬೆಳೆದಿತ್ತು. ಆ ಜಾಗದಲ್ಲಿ ಎರಡು ಕೋಣೆ ಕಟ್ಟಿಕೊಂಡು ಇದ್ದುಬಿಡಲೇ ಎಂದು ಗೆಳತಿಯನ್ನು ಕೇಳಲು ಬಂದಿದ್ದಳು. ಕೇಳುವುದೇನು ಬಂತು, ಮನಸ್ಸಿನಲ್ಲಿ ಆಗಲೇ ಕಿಟಕಿಗೆ ಪರದೆಯನ್ನೂ ಕಟ್ಟಿಬಿಟ್ಟಿದ್ದಳು, ಹುಚ್ಚಿ.

ಜಗಲಿಯ ಮೇಲೆ ಕೂತವಳ ಕಣ್ಣು ಮೊದಲು ಹೋದದ್ದು ಬಾಗಿಲ ಪಕ್ಕದ ಗೋಡೆಗೆ. ಹಿಂದೆ ಅಲ್ಲೊಂದು ಗೂಡಿತ್ತು, ಅದರಲ್ಲಿ ಅಲ್ಯುಮಿನಿಯಂ ಲೋಟವೊಂದು ಬೋರಲು ಬಿದ್ದಿರುತ್ತಿತ್ತು. ದೊಡ್ಡಕ್ಕ ಕಳೆ ಕೀಳಲು ಬಂದರೂ, ಮಣಿ ಗೆಳತಿಯ ಜೊತೆ ಓದಿಕೊಳ್ಳಲು ಬಂದರೂ ನೀರು ಅದರಲ್ಲೇ. ಕುಡಿದವರೇ ತೊಳೆದು ಮತ್ತೆ ಅಲ್ಲೇ ಬೋರಲು ಹಾಕಬೇಕು. ಈಗ ಗೂಡೇ ಇಲ್ಲ. ಸಿಮೆಂಟು ಮೆತ್ತಿ ಹಸಿರು ಬಣ್ಣ ಹೊಡೆಸಿದ್ದರು. ಸುಳ್ಳೇಕೆ, ರಾಧಾಮಣಿಗೆ ಹಿಗ್ಗಾಯಿತು.

"ಮಂಗಳಾ, ನಾನಿಲ್ಲಿಗೇ ಬಂದ್ಬುಡಾನ ಅಂತಿದೀನಿ. ನಮ್ಮವ್ವನ ಜಾಗದಾಗೆ ಮನೆ ಕಟ್ಕಂಡು."

"ಬಂದ್ಬುಡೇ! ನನ್ಗಾದ್ರೂ ಮಾತಾಡಾಕೆ ಯಾರವ್ರೆ? ಸಾಯೋಗಂಟ ಕಷ್ಟ ಸುಖ ಹೇಳ್ಕಂಡು ಇರಾನ."

ಅಷ್ಟರಲ್ಲಿ ಕರೆಂಟಿನ ಮೀಟರು ನೋಡುವವನೊಬ್ಬ ಬಂದು ಜಗಲಿಯ ಇನ್ನೊಂದು ತುದಿಯಲ್ಲಿ ಕುಸಿದು ಕೂತ. ಹೊಸಬ. "ಅಮ್ಮೋ, ಒಂದ್ ಚೊಂಬು ನೀರ್ ಕೊಡ್ರಮ್ಮ, ಜೀವ ಹೋಗ್ತೈತೆ."

"ಯಾವೂರಪ್ಪ?"

"ಬರಗೂರು ಕಡೆ. ತಿಪ್ಪೇಶ್ ಅಂತ."

ಯಾವ ಜನವೆಂದು ಅವನನ್ನು ಯಾರೂ ಕೇಳಲಿಲ್ಲ. ಸರ್ವಮಂಗಳಾ ಒಳಗೆ ಹೋಗಿ ಬಂದಳು. ಒಂದು ಕೈಯಲ್ಲಿ ಸ್ಟೀಲಿನ ಚೊಂಬು, ಅದರ ಮೇಲೆ ತಟ್ಟೆ, ತಟ್ಟೆಯಲ್ಲಿ ಬೆಲ್ಲದ ಚೂರು, ಅದು ತಿಪ್ಪೇಶನಿಗೆ. ಇನ್ನೊಂದು ಕೈಯಲ್ಲಿ ಅಂಗಡಿಯ ನೀರಿನ ಬಾಟಲಿ, ಮುಚ್ಚಳ ಒಡೆಯದ್ದು.

"ತಗಳೇ ಮಣೀ, ಫ್ರಿಜ್ಜಿಂದು. ನಮ್ ಬೋರಿನ ನೀರು ನಿನ್ಗಾಗಲ್ಲ."

ಆ ನೀರು ಕುಡಿದೇ ಬೆಳೆದವಳು ರಾಧಾಮಣಿ. ಅದರ ಫ್ಲೋರೈಡಿನ ಕಂದು ಗೆರೆ ಇನ್ನೂ ಅವಳ ಹಲ್ಲಿನ ಮೇಲಿತ್ತು. ಗೆಳತಿಯ ಮುಖ ನೋಡಿದಳು. ಅಲ್ಲಿ ಕಪಟವಿರಲಿಲ್ಲ, ಪ್ರೀತಿಯೇ ಇತ್ತು. ಕಪಟವಿದ್ದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

ತಿಪ್ಪೇಶ್ ಗಟಗಟ ಕುಡಿದು ಚೊಂಬು ಕೆಳಗಿಟ್ಟು ಹೊರಟ. ಸರ್ವಮಂಗಳಾ ಅದನ್ನೆತ್ತಿಕೊಂಡು ಒಳಗೆ ಹೋದಳು.

ಹಸಿವು ರುಚಿ ಕಾಣದು, ನಿದ್ದೆ ಸುಖ ಕಾಣದು ಎನ್ನುತ್ತಾರೆ. ಬಾಯಾರಿಕೆಯೂ ಮಾನ ಕಾಣದು. ರಾಧಾಮಣಿ ಮುಚ್ಚಳ ತಿರುವಿ ಒಂದೇ ಉಸಿರಿಗೆ ಕುಡಿದಳು. ನೀರು ತಣ್ಣಗಿತ್ತು. ಕುಡಿದು ಮುಗಿದದ್ದೇ, ಅವಳಿಗೆ ಗೊತ್ತಿಲ್ಲದೆ ಅವಳ ಕೈ ಜಗಲಿಯಾಚೆ ಚಾಚಿ ಕೊನೆಯ ಹನಿ ಕೊಡವಿತು. ಬಾಟಲಿಯನ್ನು ಬೋರಲು ಮಾಡಿತು. ಗೂಡಿದ್ದ ಗೋಡೆಯ ಕಡೆ ಏರಿತು. ನುಣ್ಣನೆಯ ಸಿಮೆಂಟಿಗೆ ಬಡಿದು ಟಕ್ಕೆಂದಿತು.

ಹೊಸ್ತಿಲಲ್ಲಿ ಸರ್ವಮಂಗಳಾ ನಿಂತಿದ್ದಳು. ಗೋಡೆ ನೋಡಿದಳು, ಆ ಕೈ ನೋಡಿದಳು.

"ಅದ್ನ... ನೀನೇ ತಗಂಡೋಗೇ. ಬಸ್ಸಿನಾಗೆ ಬೇಕಾಗ್ತೈತೆ."

"ಹೂಂ."

"ಮನೆ ಕೆಲ್ಸ ಯಾವಾಗ ಶುರು ಮಾಡ್ತೀಯ?"

"ನೋಡಾನ ಮಂಗಳಾ. ಬಿಸ್ಲು ಇಳೀಲಿ."

ಕಾಲೊನಿಗೆ ಹೊರಳುವ ದಾರಿಯಲ್ಲಿ ಅವಳು ಹೊರಳಲಿಲ್ಲ. ಬಸ್ ನಿಲ್ದಾಣದಲ್ಲಿ ಯಾರೂ ಇರಲಿಲ್ಲ, ಕಲ್ಲುಬೆಂಚು ಕಾದಿತ್ತು. ಸೆರಗು ಹಾಸಿ ಕೂತಳು. ಖಾಲಿ ಬಾಟಲಿಯನ್ನು ಎಲ್ಲಿಡಬೇಕೆಂದು ತಿಳಿಯದೆ, ಬಸ್ಸು ಬರುವವರೆಗೂ ಕೈಯಲ್ಲೇ ಹಿಡಿದುಕೊಂಡಿದ್ದಳು.