ಬಾಲ್ಕನಿಯ ಕಡೆಯ ಸದ್ದು

ಅಕ್ಕ ಬಚ್ಚಲಿಗೆ ಹೋಗುತ್ತ ಮೇಜಿನ ಪಕ್ಕ ಹಾದದ್ದೇ ತಡ, ಕಾಶಿನಾಥನ ಯಂತ್ರ ಕಾದ ಬಾಣಲೆಯಲ್ಲಿ ಜೋಳದ ಅರಳು ಸಿಡಿದಂತೆ ಚಟಚಟ ಸದ್ದು ಮಾಡಿತು. ಅವನು ಬೆಚ್ಚಿ ಕೈ ಹಿಂದೆಗೆದ. ಅಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ಸದ್ದು ಇಳಿಯಿತು.

ವಿಕಿರಣ ಪತ್ತೆ ಮಾಡುವ ಯಂತ್ರ ಅದು. ಹೈದರಾಬಾದಿನ ಬೇಗಂಪೇಟೆಯ ಆಫೀಸಿನಲ್ಲಿ ದಿನವಿಡೀ ಯಾವುದೋ ದೇಶದ ಬ್ಯಾಂಕಿನ ಪ್ರೋಗ್ರಾಂ ತಿದ್ದುವ ಕಾಶಿನಾಥನಿಗೆ, ಕೈಯಲ್ಲಿ ಹಿಡಿದು ನೋಡುವಂಥದ್ದೇನಾದರೂ ಮಾಡಬೇಕೆಂಬ ಹುಚ್ಚು. ಬೆರಳುದ್ದದ ಲೋಹದ ಕೊಳವೆಯನ್ನು ಉಕ್ರೇನಿನಿಂದ ಅಂಚೆಯಲ್ಲಿ ತರಿಸಿದ್ದ. ಅದಕ್ಕೆ ಬೇಕಾದ ಹೈ ವೋಲ್ಟೇಜಿಗೆ ಕೋಠಿಯ ಹಳೆ ಸಾಮಾನಿನ ಬಜಾರಿನಲ್ಲಿ ಕ್ಯಾಮೆರಾ ಕೊಂಡು, ಅದರ ಫ್ಲ್ಯಾಶಿನ ಸರ್ಕ್ಯೂಟ್ ಬಿಚ್ಚಿ ಹಾಕಿದ್ದ. ಎಲ್ಲವೂ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂತಿತ್ತು. ಸುಮ್ಮನಿಟ್ಟರೂ ಆಗೊಮ್ಮೆ ಈಗೊಮ್ಮೆ ಟಿಕ್ ಅನ್ನುತ್ತಿತ್ತು. ಕಲ್ಲು, ಮಣ್ಣು, ಆಕಾಶ ಎಲ್ಲದರಲ್ಲೂ ಒಂದಿಷ್ಟು ಇದ್ದೇ ಇರುತ್ತದೆ ಎಂದು ಓದಿಕೊಂಡಿದ್ದ. ಆದರೆ ಹೀಗೆ ಸಿಡಿದದ್ದು ಇದೇ ಮೊದಲು.

ಬೆಸುಗೆ ಬಿಟ್ಟಿರಬೇಕು ಅಂದುಕೊಂಡು ಮುಚ್ಚಳ ತೆಗೆದು ಒಂದೊಂದೇ ತಂತಿ ಅಲುಗಿಸಿ ನೋಡಿದ. ಯಾವುದೂ ಸಡಿಲವಿರಲಿಲ್ಲ. ಅಷ್ಟರಲ್ಲಿ ಅಕ್ಕ ಹೊರಬಂದು ಬಾಲ್ಕನಿಗೆ ಹೋದಳು. ಯಂತ್ರ ಮತ್ತೆ ಅರಚಿ, ಅವಳು ದೂರವಾದಂತೆ ತಣ್ಣಗಾಯಿತು.

ಅಕ್ಕ ಶಿವಗಂಗಾ ಬಂದದ್ದು ತಾನಾಗಿ ಅಲ್ಲ. ರಾಯಚೂರಿನಿಂದ ಯಾರದೋ ಮದುವೆಗೆಂದು ಹೈದರಾಬಾದಿಗೆ ಬಂದು ಕಾಚಿಗೂಡದ ಲಾಡ್ಜಿನಲ್ಲಿ ಇಳಿದಿದ್ದಾಳೆಂದು ಅವ್ವ ಆ ಮಧ್ಯಾಹ್ನ ಫೋನಿನಲ್ಲಿ ಬಾಯಿತಪ್ಪಿ ಹೇಳಿದ್ದಳು. ಕಾಶಿನಾಥನಿಗೆ ಮೈಯೆಲ್ಲ ಉರಿಯಿತು. ಆಟೋ ಹಿಡಿದು ಹೋಗಿ, "ತಮ್ಮನ ಮನಿ ಇದ್ದೂ ಲಾಡ್ಜಿನಾಗ ಇರ್ತಿ? ನಾಳೆ ಮಂದಿ ಏನಂದಾರು?" ಎಂದು ಬ್ಯಾಗು ಕಿತ್ತುಕೊಂಡು ಉಪ್ಪಲ್‌ನ ತನ್ನ ಮನೆಗೆ ಎಳೆದು ತಂದಿದ್ದ. ಅವಳು ಬ್ಯಾಡ ಬ್ಯಾಡ ಅಂದದ್ದನ್ನು ಸಂಕೋಚ ಎಂದೇ ತಿಳಿದಿದ್ದ.

ಬಂದವಳ ವರ್ತನೆಯೇ ಬೇರೆ ಇತ್ತು. ಅವನ ಹೆಂಡತಿ, ಏಳು ತಿಂಗಳ ಬಸುರಿ ಶೈಲಾ ಕಾಲಿಗೆ ಬೀಳಲು ಹೋದರೆ, "ಅಲ್ಲೇ ಇರು, ಅಲ್ಲೇ ಇರು" ಎಂದು ಹಿಂದೆ ಸರಿದಳು. ಸೋಫಾದಲ್ಲಿ ಕೂಡಲಿಲ್ಲ. ಕುರ್ಚಿ ಎತ್ತಿಕೊಂಡು ಹೋಗಿ ಬಾಲ್ಕನಿಯ ತುದಿಗೆ ಹಾಕಿಕೊಂಡು, ತಂಬಿಗೆಗಟ್ಟಲೆ ನೀರು ಕುಡಿಯುತ್ತ, ಮತ್ತೆ ಮತ್ತೆ ಬಚ್ಚಲಿಗೆ ಹೋಗುತ್ತ ರಸ್ತೆ ನೋಡುತ್ತಿದ್ದಳು.

ಕಾಶಿನಾಥ ಡಬ್ಬಿ ಕೈಗೆತ್ತಿಕೊಂಡ. ಶೈಲಾ ಹಗಲಿರುಳು ಇರುವ ಮನೆ. ಗೋಡೆಯೊಳಗೆ ಏನಾದರೂ ಇದ್ದರೆ? ಮಲಗುವ ಕೋಣೆಯಲ್ಲಿ ಯಂತ್ರ ಸುಮ್ಮನಿತ್ತು. ಅಡುಗೆಕಟ್ಟೆಯ ಗ್ರಾನೈಟಿನ ಹತ್ತಿರ ಹಿಡಿದರೆ ತುಸು ಚುರುಕಾಯಿತು, ಅಷ್ಟೇ. ನಡುಮನೆಯ ಮೂಲೆಯಲ್ಲಿದ್ದ ಅಕ್ಕನ ಬ್ಯಾಗಿನ ಮೇಲೆ ಹಿಡಿದ. ಏನೂ ಇಲ್ಲ. ಬಾಲ್ಕನಿಯ ಕಡೆಗೆ ನಾಲ್ಕು ಹೆಜ್ಜೆ ಇಟ್ಟ ಕೂಡಲೇ ಸದ್ದು ಒತ್ತೊತ್ತಾಗಿ ಏರತೊಡಗಿತು.

ಆಗಲೇ ಶೈಲಾ ಭಜಿಯ ತಟ್ಟೆ ಹಿಡಿದು ಅವನನ್ನು ದಾಟಿ ಮುಂದೆ ಹೋದಳು.

"ಬಿಸಿ ಅದಾವ, ತಗೋರಿ ಅಕ್ಕಾರ."

"ಹತ್ತರ ಬರಬ್ಯಾಡ!" ಶಿವಗಂಗಾ ಎದ್ದೇ ನಿಂತಳು. "ಅಲ್ಲೇ ಕೆಳಗಿಟ್ಟು ಒಳಗ ಹೋಗು."

ಶೈಲಾಳ ಮುಖ ಕಪ್ಪಿಟ್ಟಿತು. ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು, "ನಾ ಏನ್ ತಪ್ಪು ಮಾಡೀನ್ರಿ? ಮುಟ್ಟಿದ್ರ ಮೈಲಿಗಿ ಆಕ್ಕೈತೇನು?" ಎಂದವಳು ಉತ್ತರಕ್ಕೂ ಕಾಯದೆ ಕೋಣೆಗೆ ಹೋದಳು.

ಕಾಶಿನಾಥ ಹೊಸ್ತಿಲು ದಾಟಿದ. "ಏನಾಗೈತಿ ಅಕ್ಕಾ ನಿನಗ? ಬಸುರಿ ಹೆಣಮಗಳು ಅದಾಳ ಅನ್ನೂದರ ನೆಪ್ಪು..." ಮಾತು ಅರ್ಧಕ್ಕೇ ನಿಂತಿತು. ಕೈಯಲ್ಲಿದ್ದ ಡಬ್ಬಿ ಈಗ ಟಿಕ್ ಟಿಕ್ ಅನ್ನುತ್ತಿರಲಿಲ್ಲ. ಬಿಡುವೇ ಇಲ್ಲದೆ ಕೊರೆಯುತ್ತಿತ್ತು. ಡಬ್ಬಿಯನ್ನು ಎಡಕ್ಕೆ ಸರಿಸಿದ, ಬಲಕ್ಕೆ ಸರಿಸಿದ, ಕೊನೆಗೆ ಅಕ್ಕನತ್ತ ಚಾಚಿದ. ಸ್ವಿಚ್ ಆರಿಸಿದ. ಕೆಳಗಿನ ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹಾಕಿಕೊಂಡು ಹೋಯಿತು.

"ಇವತ್ತ ಎಲ್ಲಿಗೆ ಹೋಗಿದ್ದಿ?" ಅವನ ದನಿ ಅವನಿಗೇ ಗುರುತು ಸಿಗಲಿಲ್ಲ. "ಮದಿವಿಗೆ ಅಲ್ಲ. ಖರೇ ಹೇಳು."

"ಅದೇನದು, ಕೈಯಾಗ?"

"ನಾನ ಮಾಡಿದ್ದು. ನಿನ್ನ ನೋಡಿ ಒದರಾಕತ್ತೈತಿ. ಹೇಳು."

ಶಿವಗಂಗಾ ಕುರ್ಚಿಯಲ್ಲಿ ಕುಸಿದಳು. ಸೆರಗನ್ನು ಎದೆಯ ಮೇಲೆ ಎಳೆದುಕೊಂಡ ರೀತಿಯಲ್ಲೇ ಅವನಿಗೆ ಅರ್ಧ ತಿಳಿಯಿತು.

"ಎದಿಯಾಗ ಗಂಟಾಗಿತ್ತು. ದೀಪಾವಳಿ ಮುಂದ ತಗಿಸೀನಿ. ಈಗ ಎಲುಬಿಗೆ ಹಬ್ಬೈತೇನು ನೋಡಬೇಕಂತ ಇವತ್ತ ದವಾಖಾನಿಯೊಳಗ ವಿಕಿರಣದ ಔಷಧದ ಸೂಜಿ ಚುಚ್ಚಿ ಫೋಟೋ ತಗದ್ರು. ಆ ಔಷಧ ಮೈಯಾಗ ಇರೂತನ, ಅಂದ್ರ ನಾಳೆ ಮುಂಜಾನಿತನ, ಬಸುರಿ ಹೆಣಮಕ್ಕಳ ಹತ್ತರ ಹೋಗಬ್ಯಾಡ್ರಿ, ಸಣ್ಣ ಮಕ್ಕಳನ್ನ ಎತ್ತಬ್ಯಾಡ್ರಿ ಅಂದ್ರು."

"ಮತ್ತ ಯಾಕ ಬಂದಿ?" ಅಂದುಬಿಟ್ಟ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

"ಬಂದ್ನೇನು ನಾನು?" ಅವಳ ಕಣ್ಣು ತುಂಬಿದವು. "ಕೈ ಹಿಡಿದು ಎಳಕೊಂಡು ಬಂದಾಂವ ಯಾರು? ಆಟೋದಾಗ ಹೇಳಬೇಕಂತ ಎರಡು ಸಲ ಬಾಯಿ ತಗದೆ. ನೀ ಬಸುರಿ ಹೆಂಡ್ತಿ ಕುಬಸದ ಮಾತು ತಗದಿ. ಸೀರಿ ಯಾವ ಬಣ್ಣದ್ದು ತರ್ತಿ ಅಂತ ಕೇಳಿದಿ. ಆ ಮಾತಿನ ನಡುವ ಹೆಂಗ ಹೇಳಲಿ? ದೂರ ಕುಂತು ರಾತ್ರಿ ಕಳದು ಹೋದ್ರಾತು ಅಂದ್ಕೊಂಡೆ."

"ಅವ್ವಗ?"

"ಗೊತ್ತಿಲ್ಲ. ನಮ್ಮನಿಯವರಿಗೆ ಒಬ್ಬರಿಗೇ ಗೊತ್ತು."

"ಎಲುಬಿಗೆ..."

"ಸೋಮವಾರ ಹೇಳ್ತಾರಂತ." ಅವಳು ಮೂಗು ಒರೆಸಿಕೊಂಡು ಎದ್ದಳು. "ಬ್ಯಾಗ್ ಕೊಡು. ಲಾಡ್ಜಿನ ಖೋಲಿ ಇನ್ನೂ ಬಿಟ್ಟಿಲ್ಲ. ಆಕಿಗೆ ಏನರ ಹೇಳು, ಇದನ್ನ ಹೇಳಬ್ಯಾಡ. ಹೆದರ್ತಾಳ."

ಅವನು ಕದಲಲಿಲ್ಲ. ಕಳುಹಿಸಿದರೆ, ತಾನು ಯಾವ ಬಾಯಿಂದ ಅವಳನ್ನು ಕರೆತಂದನೋ ಅದೇ ಬಾಯಿಂದ ಹೋಗು ಅಂದಂತೆ. ಇರಿಸಿಕೊಂಡರೆ, ಕೋಣೆಯಲ್ಲಿ ಶೈಲಾ, ಅವಳ ಹೊಟ್ಟೆಯಲ್ಲಿ ಕೂಸು. ದೂರ ಹೆಚ್ಚಿದಂತೆ ವಿಕಿರಣದ ಬಲ ಬೇಗ ಕುಗ್ಗುತ್ತದೆಂದು ಓದಿದ್ದ. ಮೇಜಿನ ಬಳಿ ಕೂತು ಕಿವಿಯಾರೆ ಕೇಳಿಯೂ ಇದ್ದ. ಆದರೂ ಎದೆ ನಂಬಲೊಲ್ಲದು.

"ಅಕ್ಕಾರ."

ಇಬ್ಬರೂ ತಿರುಗಿದರು. ಶೈಲಾ ನಡುಮನೆಯ ಆ ತುದಿಯಲ್ಲಿ, ಕೋಣೆಯ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಒಂದು ಕೈ ಹೊಟ್ಟೆಯ ಮೇಲಿತ್ತು.

"ಎಲ್ಲಾ ಕೇಳಿಸ್ತು," ಎಂದಳು. "ಮನಿ ಸಣ್ಣದು ಖರೇ. ಮಾಳಿಗಿ ದೊಡ್ಡದೈತಿ. ನಡೀರಿ, ಊಟದ ಹೊತ್ತಿನ ತನ ಅಲ್ಲೇ ಕುಂದ್ರೂಣು. ರಾತ್ರಿ ನೀವು ಹಾಲಿನಾಗ ಬಾಲ್ಕನಿ ಕಡೆ ಮಲಕ್ಕೋರಿ, ನಾ ಒಳಗಿನ ಕೋಣ್ಯಾಗ."

"ಬ್ಯಾಡವ್ವಾ. ಏನರ ಹೆಚ್ಚು ಕಮ್ಮಿ ಆದ್ರ..."

"ದವಾಖಾನಿಯವರು ದೂರ ಇರ್ರಿ ಅಂದಾರ. ಹೋಗ್ರಿ ಅಂದಿಲ್ಲ." ಶೈಲಾ ಹೆದರಿದ್ದಾಳೋ ಸಿಟ್ಟಾಗಿದ್ದಾಳೋ ಕಾಶಿನಾಥನಿಗೆ ತಿಳಿಯಲಿಲ್ಲ. "ಮೊದಲು ನಾ ಹತ್ತತೀನಿ. ಆಮ್ಯಾಲೆ ನೀವು ಬರ್ರಿ."

ಬಿಸಿಲು ಇಳಿದಿತ್ತು. ಕಾಶಿನಾಥ ಮಾಳಿಗೆಯ ತಾರಸಿಯಲ್ಲಿ ಆ ಮೂಲೆಗೊಂದು, ಈ ತುದಿಯ ನೀರಿನ ಟ್ಯಾಂಕಿನ ಕಡೆಗೊಂದು ಕುರ್ಚಿ ಹಾಕಿದ. ಉಪ್ಪಲ್ ಸ್ಟೇಡಿಯಮ್ಮಿನ ಕಡೆಯಿಂದ ಗಾಳಿ ಜೋರಾಗಿತ್ತು. ಹೆಂಗಸರಿಬ್ಬರೂ ಎದುರುಬದುರು ತುದಿಗಳಲ್ಲಿ ಕೂತರು. ಆಮೇಲೆ ಶೈಲಾ ಏನೋ ಕೇಳಿದಳು.

"ಏನಂದಿ?"

"ನೋವು ಐತೇನ್ರಿ, ಅಂತ!"

"ತೋಳು ಎತ್ತಿದ್ರ ಹಿಡೀತೈತಿ! ನಿಂದು ಕಾಲು ಬಾತಾವಲ್ಲಾ!"

"ಸಂಜೀಮುಂದ ಬಾಯ್ತಾವ್ರಿ!"

"ಬಿಸಿನೀರಾಗ ಉಪ್ಪು ಹಾಕಿ ಕಾಲು ಇಡು! ತಮ್ಮಗ ಹೇಳು, ತಂದಿಡ್ತಾನ!"

ಒಣಗಿದ ಬಟ್ಟೆ ತೆಗೆಯಲು ಬಂದ ಮೇಲಿನ ಮನೆಯ, ಕನ್ನಡ ಬಾರದ ಹುಸೇನಮ್ಮ, ಈ ತುದಿಯಿಂದ ಆ ತುದಿಗೆ ಹಾರುತ್ತಿದ್ದ ಕೂಗು ಕೇಳಿ ಹಗ್ಗದ ಬಳಿಯೇ ನಿಂತಳು. ನಾದಿನಿ ಅತ್ತಿಗೆಯರ ಜಗಳ ಬಿಡಿಸಲು ಹೋಗಬೇಕೋ ಬೇಡವೋ ಎಂದು ತಿಳಿಯದೆ, ಬಟ್ಟೆಯ ರಾಶಿಯನ್ನು ಎದೆಗವಚಿಕೊಂಡು ಒಮ್ಮೆ ಇವಳನ್ನೂ ಒಮ್ಮೆ ಅವಳನ್ನೂ ನೋಡುತ್ತಿದ್ದಳು.