ಪಕ್ಕದ ಸೀಟಿನ ಕಾಲು

ಲಾರಿ ಕಂಪನಿಯ ತರಬೇತಿ ಅಂಗಳದಲ್ಲಿ ಮೇಷ್ಟ್ರು ಎಂದರೆ ಒಬ್ಬರೇ. ಬಾಯಿ ಜೋರು, ಮನಸ್ಸು ಮೆತ್ತಗೆ, ಕೋಪ ಮಾತ್ರ ಮೂಗಿನ ತುದಿಯಲ್ಲೇ. ವಯಸ್ಸಾದ ಮೇಲೆ ದೂರದ ಓಟ ಬಿಟ್ಟು, ಹೊಸಬರಿಗೆ ಭಾರದ ಗಾಡಿ ಓಡಿಸಲು ಕಲಿಸುತ್ತಿದ್ದರು. ಅವರ ಶಿಷ್ಯರು ಮೊದಲ ಪರೀಕ್ಷೆಯಲ್ಲಿ ಸಾಲಾಗಿ ಮುಗ್ಗರಿಸುತ್ತಿದ್ದದ್ದು ನಿಜ. ಪರೀಕ್ಷಕರನ್ನು ಕಂಡರೆ ಎಲ್ಲರಿಗೂ ಕೈಕಾಲು ನಡುಗುತ್ತದೆ, ಅಷ್ಟೇ ಎಂದು ಮೇಷ್ಟ್ರು ಎಂದೋ ತೀರ್ಪು ಕೊಟ್ಟುಬಿಟ್ಟಿದ್ದರು. ತಮ್ಮ ಪಾಠದಲ್ಲಿ ಕೊರತೆ ಇದ್ದೀತೆಂದು ಅವರಿಗೆ ಕನಸಿನಲ್ಲೂ ಅನ್ನಿಸಿರಲಿಲ್ಲ.

ಈ ಸಲ ಮುಗ್ಗರಿಸಿದ್ದು ಅವರದೇ ಸೊಸೆ. ಗೋದಾಮಿನಲ್ಲಿ ಸರಕು ಏರಿಸುವ ಕೆಲಸ ನೋಡಿಕೊಳ್ಳುತ್ತಿದ್ದವಳು. ತಾನು ತುಂಬಿಸಿದ ಲಾರಿಗಳು ಗೇಟು ದಾಟಿ ಹೋಗುವುದನ್ನು ನೋಡಿ ನೋಡಿ ಸಾಕಾಗಿ, ಒಂದನ್ನಾದರೂ ತಾನೇ ಓಡಿಸಬೇಕೆಂದು ಹಟ ಹಿಡಿದು ಬಂದಿದ್ದಳು. ಇನ್ನೊಂದೇ ಅವಕಾಶ ಉಳಿದಿತ್ತು. ಅದೂ ಕೈತಪ್ಪಿದರೆ ಮತ್ತೆ ಅದೇ ಗೋದಾಮು, ಅದೇ ಗೇಟು.

"ಮೇಷ್ಟ್ರೇ, ಇಳಿಜಾರಲ್ಲಿ ಈಯಮ್ಮ ರಸ್ತೆ ನೋಡಲ್ಲ, ನನ್ನ ಬೂಟ್ ನೋಡ್ತಾರೆ," ಎಂದಿದ್ದ ಪರೀಕ್ಷಕ. "ಇದೇನು ನೀವು ಕಲಿಸಿದ್ದು?"

ಮೇಷ್ಟ್ರ ಮೈಯೆಲ್ಲ ಉರಿದುಹೋಯಿತು. ಸಂಜೆ ಮನೆಗೆ ಬಂದವರೇ ನೇರವಾಗಿ ಅಡುಗೆಮನೆಗೆ ನುಗ್ಗಿದರು.

"ಬೂಟಲ್ಲಿ ಏನಮ್ಮಾ ಇತ್ತು, ನಕ್ಷೆ ಇತ್ತಾ?"

ಸೊಸೆ ಪಾತ್ರೆ ಒರೆಸುವುದನ್ನು ನಿಲ್ಲಿಸಿದಳು. "ಬೈಯಲ್ಲ ಅಂದ್ರೆ ಹೇಳ್ತೀನಿ ಮಾವ. ನೀವು ಪಕ್ಕದಲ್ಲಿ ಕೂತಾಗ, ಬ್ರೇಕ್ ಒತ್ತಬೇಕಾದ ಕಡೆ ನಿಮ್ಮ ಬಲಗಾಲು ತಾನಾಗೇ ನೆಲ ಒತ್ತುತ್ತೆ. ಅದು ಒತ್ತಿದ್ರೆ ನಾನೂ ಒತ್ತುತ್ತೀನಿ. ಅದು ಸಡಿಲ ಆದ್ರೆ ನಾನೂ ಬಿಡ್ತೀನಿ. ಆ ಪರೀಕ್ಷಕರ ಕಾಲು ಅಲ್ಲಾಡಲೇ ಇಲ್ಲ. ನಂಗೆ ಏನ್ ಮಾಡ್ಬೇಕು ಅಂತಾನೇ ತೋಚಲಿಲ್ಲ."

"ನಾನು ಯಾವಾಗ ಒತ್ತಿದೆ? ಆ ಕಡೆ ಬ್ರೇಕೇ ಇಲ್ಲ!"

ಮೇಷ್ಟ್ರ ಹೆಂಡತಿಗೆ ನಗು ತಡೆಯಲಾಗಲಿಲ್ಲ. "ಬಸ್ಸಲ್ಲಿ ಕೂತ್ರೂ ಮುಂದಿನ ಸೀಟಿಗೆ ಒದೀತೀರ. ಎಷ್ಟು ಜನರ ಹತ್ರ ಬೈಸ್ಕೊಂಡಿದೀರ, ಮರೆತುಹೋಯ್ತಾ?"

ಮೇಷ್ಟ್ರು ಪೆಚ್ಚಾದರು. ಊಟಕ್ಕೆ ಕೂತರೂ ಅದೇ ಯೋಚನೆ. ಹಾಗಾದರೆ ಮುಗ್ಗರಿಸಿದ ಆ ಶಿಷ್ಯರೆಲ್ಲ? ಪಾಪ, ಅವರಿಗೂ ನಡುಕವಿರಲಿಲ್ಲವೇನೋ. ಪಕ್ಕದ ಸೀಟಿನಲ್ಲಿ ಈ ಕಾಲು ಇರಲಿಲ್ಲ, ಅಷ್ಟೇ. ಗಾಡಿ ಕಲಿಸುತ್ತಿದ್ದೇನೆಂದು ಬೀಗುತ್ತ ತಾನು ಅವರ ಕೈಯಿಂದ ಗಾಡಿಯನ್ನು ಕಿತ್ತುಕೊಳ್ಳುತ್ತಲೇ ಇದ್ದೆನಲ್ಲ ಎಂದು ನಾಚಿಕೆಯಾಯಿತು. ಭಯವಿದ್ದದ್ದು ಯಾರಿಗೆಂದು ಈಗ ತಿಳಿಯಿತು.

ಮಾರನೆಯ ದಿನ ಮರಳು ಮೂಟೆ ತುಂಬಿದ ಲಾರಿ ಇಳಿಜಾರಿನ ತಲೆಯ ಮೇಲೆ ನಿಂತಾಗ, ಮೇಷ್ಟ್ರು ಚಪ್ಪಲಿ ಬಿಟ್ಟು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

"ಇದೇನ್ ಮಾವ?"

"ಕಾಲು ಕಟ್ಟಿಹಾಕಿದೀನಿ. ಹೊರಡು."

ಲಾರಿ ಇಳಿಯತೊಡಗಿತು. ಗೇರು ಇಳಿಸಬೇಕಿದ್ದ ಜಾಗ ದಾಟಿತು. ಬ್ರೇಕ್ ಹಿಡಿಯಬೇಕಿದ್ದ ಜಾಗವೂ ದಾಟಿತು. ಮೇಷ್ಟ್ರ ಜೀವ ಬಾಯಿಗೆ ಬಂತು. ನಾಲಿಗೆ ಕಚ್ಚಿ ಹಿಡಿದರು. ತಿರುವು ಎದುರಿಗೆ ಬಂದಾಗ ಸೊಸೆ ಧಡಕ್ಕನೆ ಒತ್ತಿದಳು. ಹಿಂದೆ ಮೂಟೆಗಳು ಜಾರಿ ಕ್ಯಾಬಿನ್ನಿನ ಬೆನ್ನಿಗೆ ಗುದ್ದಿದವು, ಮೇಷ್ಟ್ರ ಹಣೆ ಗಾಜಿಗೆ ತಾಗುವುದು ಸ್ವಲ್ಪದರಲ್ಲಿ ತಪ್ಪಿತು. ಲಾರಿ ನಿಂತಿತು.

ಬೈಗುಳದ ಮಳೆಗೆ ಕಾದಂತೆ ಅವಳು ಕಣ್ಣು ಮುಚ್ಚಿ ಕೂತಿದ್ದಳು. ಮೇಷ್ಟ್ರು ಬೈಯದೆ, ಮಡಚಿದ ಕಾಲನ್ನೇ ಬಿಗಿಯಾಗಿ ಹಿಡಿದು ಕೂತರು. ಆಮೇಲೆ ಅವಳೇ ಮಾತಾಡಿದಳು.

"ಮೇಲೇ ಗೇರ್ ಇಳಿಸ್ಬೇಕಿತ್ತು. ಭಾರ ಹಿಂದಿನಿಂದ ನೂಕುತ್ತೆ ಅನ್ನೋದು ಈಗ ಮೈಗೆ ಗೊತ್ತಾಯ್ತು." ಹಣೆ ಒರೆಸಿಕೊಂಡಳು. "ಇದು ನಂದೇ ತಪ್ಪು ಮಾವ. ಇನ್ನೊಂದ್ಸಲ ಹೋಗೋಣ."

ಅಷ್ಟು ಸಂತೋಷದಿಂದ ತಪ್ಪೊಪ್ಪಿಕೊಂಡವರನ್ನು ಮೇಷ್ಟ್ರು ಕಂಡಿರಲಿಲ್ಲ. ಮೂಟೆಗಳನ್ನು ಬಿಗಿದು ಕಟ್ಟಿ ಇಬ್ಬರೂ ಮತ್ತೆ ಮೇಲೆ ಹೋದರು. ಕತ್ತಲಾಗುವವರೆಗೆ ಅದೇ ಇಳಿಜಾರು. ಕೊನೆಗೆ ಮೇಷ್ಟ್ರ ಕಾಲು ಜೋಮು ಹಿಡಿದು, ಸೊಸೆಯೇ ಕೈಹಿಡಿದು ಕೆಳಗಿಳಿಸಬೇಕಾಯಿತು.

ಪರೀಕ್ಷೆಯ ದಿನ ಮೇಷ್ಟ್ರು ಅಂಗಳದಲ್ಲಿ ಮರಿ ಕಳೆದುಕೊಂಡ ಬೆಕ್ಕಿನಂತೆ ತಿರುಗಾಡುತ್ತಿದ್ದರು. ಲಾರಿ ವಾಪಸ್ಸು ಬಂತು. ಮೊದಲು ಇಳಿದ ಪರೀಕ್ಷಕನ ಮುಖದಲ್ಲಿ ಬೆವರು.

"ಏನ್ ಮೇಷ್ಟ್ರೇ, ಅಡ್ಡ ದನ ಬಂತು. ಗಾಬರಿಯಲ್ಲಿ ನನ್ನ ಕಾಲೇ ನೆಲ ಒತ್ತಿಬಿಡ್ತು."

ಮೇಷ್ಟ್ರು ಕ್ಯಾಬಿನ್ನಿನ ಕಡೆ ನೋಡಿದರು. "ಅವಳು?"

"ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆಗಲೇ ಗೇರ್ ಇಳಿಸಿ, ದನಕ್ಕೆ ದಾರಿ ಬಿಟ್ಟಿದ್ರು. ಪಾಸು."

ಮೇಷ್ಟ್ರ ಕಣ್ಣು ತುಂಬಿ ಬಂತು. ಹೊಟ್ಟೆ ತುಂಬ ಸಂತೋಷ, ಜೊತೆಗೆ ಎಲ್ಲೋ ಒಂದು ಸಣ್ಣ ಸಂಕಟ. ಸೊಸೆ ಇನ್ನೂ ಸ್ಟಿಯರಿಂಗ್ ಹಿಡಿದೇ ಕೂತಿದ್ದಳು. ಗಾಡಿಯನ್ನು ಸಾಲಿನಲ್ಲಿ ನಿಲ್ಲಿಸಲು ಹಿಂದಕ್ಕೆ ತೆಗೆಯುತ್ತಿದ್ದವಳಿಗೆ ಸನ್ನೆ ಮಾಡಲೆಂದು ಮೇಷ್ಟ್ರು ಕೈ ಎತ್ತಿದರು. ಅವಳು ಕನ್ನಡಿಯಲ್ಲಿ ಹಿಂದಿನ ಜಾಗವನ್ನಷ್ಟೇ ನೋಡುತ್ತಿದ್ದಳು. ಮೇಷ್ಟ್ರು ಎತ್ತಿದ ಕೈ ಇಳಿಸಿ, ದಾರಿಯಿಂದ ಪಕ್ಕಕ್ಕೆ ಸರಿದು ನಿಂತರು.